ಐದು ಹೆಜ್ಜೆ ದೂರ

ಮೂಡಲದವರ ಎಸೆಗಾರ ಓಡಲು ಕಲಿತ ದಿನವೇ ನಮ್ಮ ಕಥೆ ಮುಗಿಯಿತು ಎಂದು ನಮ್ಮವರು ಈಗಲೂ ಹೇಳುತ್ತಾರೆ. ಹೇಳುವವರ ಬಾಯಿ ಹಿಡಿಯುವವರು ಯಾರು? ಆದರೆ ಅವನ ಎದುರಿಗೆ ನಿಂತಿದ್ದವನು ನಾನು. ಅವನು ಓಡಿ ಗೆದ್ದಿದ್ದರೆ ನನಗೆ ಇಷ್ಟು ಸಂಕಟ ಇರುತ್ತಿರಲಿಲ್ಲ. ಆ ದಿನ ಅವನು ಓಡಲೇ ಇಲ್ಲ.

ನಮ್ಮೂರಿಗೆ ಇರುವುದು ಒಂದೇ ಬೀದಿ. ನಾಲ್ಕು ಗಾಡಿ ಅಕ್ಕಪಕ್ಕ ಹೋಗುವಷ್ಟು ಅಗಲ, ಎರಡೂ ಮಗ್ಗುಲಿಗೆ ಮನೆಗಳು. ಆ ಬೀದಿಗೆ ಅಡ್ಡಲಾಗಿ ಒಂದು ಸುಣ್ಣದ ಗೆರೆ. ಗೆರೆಯ ಮೂಡಲಕ್ಕೆ ಅವರು, ಪಡುವಲಕ್ಕೆ ನಾವು. ವರ್ಷಕ್ಕೊಮ್ಮೆ ಗೆರೆಯ ಮೇಲೆ ಆಟ. ಒಂದು ವರ್ಷ ಚೆಂಡು ಅವರ ಕೈಗೆ, ಮರುವರ್ಷ ನಮ್ಮ ಕೈಗೆ. ಚೆಂಡೆಂದರೆ ಸುಲಿದ ತೆಂಗಿನಕಾಯಿಯ ಹಾಗೆ ಎರಡೂ ತುದಿ ಚೂಪಾದ ಚರ್ಮದ ಚೆಂಡು. ಈ ಕಡೆ ಹನ್ನೊಂದು ಮಂದಿ, ಆ ಕಡೆ ಹನ್ನೊಂದು ಮಂದಿ. ಚೆಂಡಿರುವವರಿಗೆ ನಾಲ್ಕು ಸರತಿ. ಅವರ ಎಸೆಗಾರ ಗೆರೆಯ ಹಿಂದೆ ನಿಂತು, ಮುಂದೆ ಓಡಿಹೋದ ತನ್ನವನಿಗೆ ಚೆಂಡು ಎಸೆಯಬೇಕು. ಇಲ್ಲವೇ ತಾನೇ ಹಿಡಿದುಕೊಂಡು ನುಗ್ಗಬೇಕು. ಗೆರೆ ದಾಟಿದ ಮೇಲೆ ಎಸೆಯುವಂತಿಲ್ಲ. ಚೆಂಡು ಹಿಡಿದವನನ್ನು ಎಲ್ಲಿ ಕೆಡವುತ್ತಾರೋ ಮುಂದಿನ ಸರತಿ ಅಲ್ಲಿಂದ. ನಾಲ್ಕನೆಯದು ಎಲ್ಲಿ ಮುಗಿಯಿತೋ ಅಲ್ಲಿ ಹೊಸ ಸುಣ್ಣ ಹಾಕುತ್ತಾರೆ. ಆಮೇಲೆ ಒಂದು ವರ್ಷ ಅದೇ ಗೆರೆ.

ಚೆಂಡು ದಾಟಿದ ಮನೆಗಳು ಅವರ ಪಾಲಿಗೆ ಹೋಗುತ್ತವೆ. ಗೋಡೆಗಳು ಎಲ್ಲೂ ಹೋಗುವುದಿಲ್ಲ, ಒಳಗಿನವರೂ ಎಲ್ಲೂ ಹೋಗುವುದಿಲ್ಲ. ಅದೇ ಒಲೆ, ಅದೇ ಹೊಸ್ತಿಲು. ನಮ್ಮನ್ನು ಮಾತ್ರ ಮರೆತುಬಿಡುತ್ತಾರೆ. ಬೆಳಿಗ್ಗೆ ಸಕ್ಕರೆ ಕಡ ಕೇಳಲು ಬಂದ ನೆರೆಯವಳು ಮಧ್ಯಾಹ್ನ ನಿಮ್ಮ ಮುಖ ನೋಡಿ, ದಾರಿ ತಪ್ಪಿ ಬಂದಿರೇನು ಎಂದು ಮರ್ಯಾದೆಯಿಂದ ವಿಚಾರಿಸುತ್ತಾಳೆ. ಗೆರೆಯ ಹತ್ತಿರದ ಮನೆಗೆ ಬೀಗ ಹಾಕಿ ಪಡುವಲ ತುದಿಯ ನೆಂಟರಲ್ಲಿ ಬಂದು ಕೂತವರೂ ಇದ್ದಾರೆ. ಚೆಂಡು ಅವರ ಮನೆ ದಾಟಿದ್ದೇ ತಡ, ಕೂತಲ್ಲಿಂದ ಎದ್ದು, ‘ಇದು ಯಾರ ಮನೀರಿ?’ ಎಂದು ಕೇಳಿ, ಹಾಸಿಗೆ ಸುತ್ತಿಕೊಂಡು ಹೊರಟೇಬಿಟ್ಟರು. ಅಂದಿನಿಂದ ಆ ಗೋಜಿಗೆ ಯಾರೂ ಹೋಗಿಲ್ಲ. ನಮ್ಮ ಸರದಿಯಲ್ಲಿ ನಾವೂ ಒಂದೆರಡು ಮನೆ ಮರಳಿ ತಂದದ್ದುಂಟು. ಹಾಗೆ ಬಂದವರು ಅವರನ್ನು ಮರೆತರೇ ಹೊರತು ನಮ್ಮನ್ನು ನೆನಪಿಸಿಕೊಳ್ಳಲಿಲ್ಲ.

ಜನ ಇದಕ್ಕೂ ಹೊಂದಿಕೊಂಡಿದ್ದರು. ಹೆಣ್ಣು ಕೊಡುವಾಗ ಮೊದಲು ಕೇಳುತ್ತಿದ್ದದ್ದು ಹುಡುಗನ ಮನೆ ಗೆರೆಯಿಂದ ಎಷ್ಟನೆಯದು ಎಂದೇ. ಗೆರೆಯ ಬಳಿಯವರು ಜಗಳಗಳನ್ನು ಆಟಕ್ಕೆ ಮೊದಲೇ ಮುಗಿಸಿಕೊಳ್ಳುತ್ತಿದ್ದರು. ಸಿದ್ರಾಮಣ್ಣ ಎಂಬಾತನ ಹೆಂಡತಿ ಆಚೆಗೆ ಹೋದಾಗ ಅವನು ಗಡಿಯಾರ ರಿಪೇರಿಗೆಂದು ಪಡುವಲ ತುದಿಯ ತನ್ನ ಅಂಗಡಿಯಲ್ಲೇ ಬೇರೆ ಒಲೆ ಹೂಡಿ ವರ್ಷಗಳಾಗಿದ್ದವು, ಅದಕ್ಕೇ ಅವನಿಗೆ ಮರೆವು ತಟ್ಟಲಿಲ್ಲ. ಅವಳನ್ನೇ ಎರಡನೇ ಸಲ ಮದುವೆಯಾಗುತ್ತೇನೆಂದು ಗೆರೆ ದಾಟಿ ಹೆಣ್ಣು ನೋಡಲು ಹೋದ. ಅವಳಿಗೆ ಉಪ್ಪಿಟ್ಟಿನಲ್ಲಿ ಶೇಂಗಾ ಸೇರುವುದಿಲ್ಲ, ಗುಡುಗಿಗೆ ಹೆದರುತ್ತಾಳೆ, ಎಡಗಾಲಿನ ಹೆಬ್ಬೆರಳು ನೋಯುತ್ತದೆ ಎಂದೆಲ್ಲ ತಾನೇ ಹೇಳಿದನಂತೆ. ಅವಳು ಒಳಗೆ ಹೋಗಿ, ‘ಈ ಮನಷ್ಯಾಗ ನನ್ನ ಬಗ್ಗೆ ಭಾಳ ಗೊತ್ತೈತಿ, ನನಗ ಅಂಜಿಕಿ ಬರತೈತಿ’ ಎಂದು ಅಣ್ಣಂದಿರಿಂದ ಅವನನ್ನು ಹೊರಗೆ ಕಳಿಸಿದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈಗ ನೆನೆಸಿಕೊಂಡರೆ ಅದರಲ್ಲಿ ನಗುವಂಥದ್ದು ಏನಿತ್ತೋ ತಿಳಿಯದು.

ನನಗೆ ಇದ್ದವಳು ಒಬ್ಬಳೇ ಅಕ್ಕ, ತುಂಗವ್ವ. ನಾನು ಹಾಲು ಬಿಡುವ ಮೊದಲೇ ಅವ್ವ ತೀರಿಕೊಂಡಳು, ಮರುವರ್ಷ ಅಪ್ಪ. ಹನ್ನೆರಡು ವರ್ಷದ ಅಕ್ಕ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅಪ್ಪನ ಹಿಟ್ಟಿನ ಗಿರಣಿ ನಡೆಸಿದಳು. ಮದುವೆಗೆ ಕೇಳಿಕೊಂಡು ಬಂದವರಿಗೆಲ್ಲ, ‘ಈ ಕೂಸನ್ನೂ ಕರಕೊಂಡು ಬರತೀನಿ’ ಎಂದಳು. ಕೂಸು ದೊಡ್ಡದಾಗುವ ಹೊತ್ತಿಗೆ ಕೇಳುವವರೇ ಉಳಿದಿರಲಿಲ್ಲ. ನಾನು ಆಟಕ್ಕೆ ಸೇರಿ ಪಡುವಲ ತುದಿಯ ಗರಡಿಮನೆಯಲ್ಲೇ ಒಲೆ ಹೂಡಿ ಹತ್ತು ವರ್ಷವಾಗಿತ್ತು. ಆಡುವವರು ಅಲ್ಲೇ ಇರಬೇಕೆಂಬುದು ಕಟ್ಟಳೆ. ಆದರೂ ದಿನಾ ಮಧ್ಯಾಹ್ನದ ಊಟ ಅಕ್ಕನ ಗಿರಣಿಯಲ್ಲೇ. ರೊಟ್ಟಿಯ ಮೇಲೂ ಹಿಟ್ಟು, ತಟ್ಟೆಯ ಮೇಲೂ ಹಿಟ್ಟು, ಅವಳ ರೆಪ್ಪೆಯ ಮೇಲೂ ಹಿಟ್ಟು. ಗಿರಣಿ ಓಡುವಾಗ ಕೂಗಿ ಕೂಗಿ ಅವಳಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಗುಟ್ಟು ಹೇಳಿದರೂ ಅರ್ಧ ಬೀದಿಗೆ ಕೇಳುತ್ತಿತ್ತು.

ಮೊದಲೆಲ್ಲ ಎಸೆಗಾರರೆಂದರೆ ನೆಟ್ಟ ಕಂಬ. ಇದ್ದಲ್ಲೇ ನಿಂತು ಎಸೆಯುವವರು. ಅವರನ್ನು ತಡೆಯುವುದಕ್ಕೆ ವಿದ್ಯೆ ಬೇಕಿರಲಿಲ್ಲ. ಎಲ್ಲರೂ ಒಮ್ಮೆಗೇ ಮೈಮೇಲೆ ಬಿದ್ದರಾಯಿತು. ಗೆರೆ ವರ್ಷಕ್ಕೆ ಎರಡು ಮನೆ ಆಚೆ, ಎರಡು ಮನೆ ಈಚೆ ಸರಿದಾಡಿಕೊಂಡಿತ್ತು. ಆಮೇಲೆ ಅವರಿಗೆ ಅಡಿವೆಪ್ಪ ಸಿಕ್ಕ. ಸಿಕ್ಕ ಎನ್ನುವುದಕ್ಕಿಂತ ನಾವೇ ಕೊಟ್ಟೆವು. ಅವನು ನಮ್ಮವನು, ನನ್ನ ಜೊತೆ ಗರಡಿಯಲ್ಲಿ ಬೆಳೆದವನು. ಮದುವೆಯಾದ ಮೇಲೆ ಆಟ ಬಿಟ್ಟು, ಗೆರೆಯ ಪಕ್ಕದಲ್ಲಿದ್ದ ಹೆಂಡತಿಯ ಮನೆ ಸೇರಿ ಹಾಲು ಹಾಕುವ ಕೆಲಸ ಹಿಡಿದಿದ್ದ. ಒಂದು ವರ್ಷ ಚೆಂಡು ಆ ಮನೆ ದಾಟಿತು. ಅಲ್ಲಿಗೆ ಅಡಿವೆಪ್ಪ ಅವರವನಾದ. ನಮ್ಮ ಬೀದಿಯ ಪ್ರತಿಯೊಂದು ಕಲ್ಲು, ತಗ್ಗು, ಚರಂಡಿ ಅವನ ಕಾಲಿಗೆ ಗೊತ್ತಿತ್ತು. ನಾವು ಗೊತ್ತಿರಲಿಲ್ಲ.

ಅವನು ಎಸೆಗಾರನಾಗಿ ನಿಂತ ಮೊದಲ ವರ್ಷ ನಮ್ಮವರು ವಾಡಿಕೆಯಂತೆ ಒಟ್ಟಿಗೆ ಮೈಮೇಲೆ ಬಿದ್ದರು. ಬಿದ್ದ ಜಾಗದಲ್ಲಿ ಅವನಿರಲಿಲ್ಲ. ಬೀದಿಯ ದಂಡೆಯಿಂದ ನುಸುಳಿ ಹತ್ತೊಂಬತ್ತು ಮನೆ ಓಡಿದ. ಹತ್ತೊಂಬತ್ತು! ಅವತ್ತು ನಮ್ಮ ಕಡೆ ಅಳು ಕೂಡ ಸರಿಯಾಗಿ ಬರಲಿಲ್ಲ, ಯಾರು ಯಾರಿಗಾಗಿ ಅಳಬೇಕೆಂದು ಲೆಕ್ಕವೇ ಸಿಗಲಿಲ್ಲ. ಮರುವರ್ಷ ನಮ್ಮ ಸರದಿ ಬಂತು. ನಮ್ಮ ಎಸೆಗಾರ ಕಂಬದ ಹಾಗೆ ನಿಂತು ಒಂದೇ ಒಂದು ಮನೆ ತಂದುಕೊಟ್ಟ. ಈಗ ಗೆರೆಯಿಂದ ಅಕ್ಕನ ಗಿರಣಿ ಆರನೆಯದು. ಮುಂದಿನ ಆಟ ಅಡಿವೆಪ್ಪನದು.

ಆಗ ಊರವರು ಉಸ್ತಾದ ಬಾಬಾಸಾಬರ ಕಾಲಿಗೆ ಬಿದ್ದರು. ಹಳೆಯ ಪೈಲ್ವಾನ, ಮಂಡಿ ಸವೆದು ಕೋಲು ಹಿಡಿದಿದ್ದರು. ಆ ಹತ್ತೊಂಬತ್ತು ಮನೆಗಳಲ್ಲಿ ಅವರ ಮಗಳ ಮನೆಯೂ ಒಂದು. ಅವರು ಒಂದು ತಿಂಗಳು ಗೆರೆಯ ಹತ್ತಿರ ಕುರ್ಚಿ ಹಾಕಿಕೊಂಡು, ಆಚೆ ಅಡಿವೆಪ್ಪ ಹಾಲಿನ ಕೊಡ ಹಿಡಿದು ಓಡಾಡುವುದನ್ನು ನೋಡಿದರು. ಆಮೇಲೆ ನಮ್ಮನ್ನೆಲ್ಲ ಕರೆದು, ಇಷ್ಟು ವರ್ಷ ಕಲಿತದ್ದನ್ನು ಮರೆಯಿರಿ ಎಂದರು.

‘ಅಂವನ್ನ ಹಿಡಿಯಾಕ ಹೋಗಬ್ಯಾಡ್ರಿ. ಹಿಡಿಯಾಕ ಹೋದವರ ಬಗಲಾಗಿಂದನ ಅಂವ ಹೋಗತಾನ. ದಂಡಿಯವರು ದಂಡಿ ಬಿಡಬ್ಯಾಡ್ರಿ, ಪ್ರಾಣ ಹೋದ್ರೂ ಒಳಗ ಬರಬ್ಯಾಡ್ರಿ. ನಡುವಿನವರು ಮೆಲ್ಲಕ ದೂಕ್ರಿ, ಓಡಬ್ಯಾಡ್ರಿ. ಹಿಂದಿನವರು ಅವರ ಹಿಡಿಯೋ ಮಂದೀನ ಬಿಟ್ಟು ತಿರುಗೂ ನೋಡಬ್ಯಾಡ್ರಿ. ದೊಡ್ಡಿ ಹೆಂಗಿರತೈತಿ, ಹಂಗ ನಿಂದ್ರಿ. ಒಬ್ಬಂವ ಮಾತ್ರ ಅವನ ನೆರಳಾಗಬೇಕು.’

ಆ ಒಬ್ಬ ನಾನು. ಫಕೀರಪ್ಪ ಎಂಬ ನನ್ನ ಹೆಸರು ಅಂದಿಗೆ ಹೋಯಿತು. ಊರಿಗೆಲ್ಲ ನಾನು ನೆರಳಾದೆ. ಅಡಿವೆಪ್ಪ ಎಡಕ್ಕೆ ಹೋದರೆ ನಾನೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ನಡುವೆ ಸದಾ ಐದು ಹೆಜ್ಜೆ. ಹತ್ತಿರ ಹೋದೆನೋ, ನನ್ನ ತಲೆಯ ಮೇಲಿಂದ ಚೆಂಡು ಎಸೆಯುತ್ತಾನೆ. ದೂರ ಉಳಿದೆನೋ, ಆ ಜಾಗದಲ್ಲೇ ಓಡುತ್ತಾನೆ. ಅತ್ತ ದರಿ, ಇತ್ತ ಪುಲಿ. ಐದು ಹೆಜ್ಜೆಯೇ ಸರಿ ಎಂದು ಉಸ್ತಾದರು ಬೀದಿಯ ಮೇಲೆ ಕೋಲಿನಿಂದ ಅಳೆದು ಅಳೆದು ತೋರಿಸಿದರು.

‘ಕಣ್ಣು ನೋಡಬ್ಯಾಡ, ಸುಳ್ಳು ಹೇಳತಾವ. ಕೈ ನೋಡಬ್ಯಾಡ, ಎಸದಂಗ ಮಾಡಿ ಎಸಿಯೂದಿಲ್ಲ. ಕಾಲೂ ಸುಳ್ಳ. ಸೊಂಟ ನೋಡು. ಮನಷ್ಯಾನ ಸೊಂಟ ಎತ್ತಾಗ ಹೋಗತೈತಿ, ಅಂವ ಅತ್ತಾಗನ ಹೋಗಬೇಕು.’

ಆ ವರ್ಷವೆಲ್ಲ ನಾನು ಸೊಂಟಗಳನ್ನು ನೋಡಿದೆ. ಸಂತೆಗೆ ಹೋದರೆ ಜನರ ಮುಖವೇ ಕಾಣುತ್ತಿರಲಿಲ್ಲ. ಎದುರಿಗೆ ಬಂದವರನ್ನು ಉಡಿದಾರ, ಸೆರಗು, ಪಟ್ಟಿಯಿಂದ ಗುರುತಿಸುತ್ತಿದ್ದೆ. ಒಂದು ದಿನ ಅಕ್ಕ ನನ್ನ ಗದ್ದ ಹಿಡಿದು ಮುಖ ಮೇಲೆತ್ತಿ, ‘ಲೇ ಫಕೀರಾ, ನಾ ಇಲ್ಲಿದೀನಿ, ಮ್ಯಾಲ’ ಎಂದಳು. ನಕ್ಕಳು. ನನಗೆ ನಗು ಬರಲಿಲ್ಲ.

ಇನ್ನೊಂದು ಪಾಠವೂ ಇತ್ತು, ಅದೇ ನನ್ನನ್ನು ತಿಂದಿತು. ಹಿಂದೆ ಒಮ್ಮೆ ಅವರ ಕಡೆಯ ಹೆಂಗಸರು ಕಟ್ಟೆಯ ಮೇಲೆ ನಿಂತು, ಎಸೆಗಾರ ಇನ್ನೂ ಗೆರೆಯ ಹಿಂದಿರುವಾಗಲೇ ‘ದಾಟಿದಾ! ದಾಟಿದಾ!’ ಎಂದು ಕೂಗಿದ್ದರು. ದಾಟಿದವನು ಎಸೆಯುವಂತಿಲ್ಲವಲ್ಲ, ನಮ್ಮವನು ನಂಬಿ ಮುನ್ನುಗ್ಗಿದ. ಚೆಂಡು ಅವನ ತಲೆಯ ಮೇಲೆ ಹಾರಿತು. ಅದಕ್ಕೇ ಉಸ್ತಾದರು ಊರಿಗೆಲ್ಲ ಹೇಳಿದರು, ಫಕೀರನನ್ನು ಎಲ್ಲಿ ಕಂಡರೂ ‘ದಾಟಿದಾ’ ಎಂದು ಕೂಗಿರಿ. ನಮ್ಮ ಜನಕ್ಕೆ ಇಂಥದ್ದೆಂದರೆ ಕೇಳಬೇಕೆ? ಕ್ಷೌರಕ್ಕೆ ಕೂತಾಗ ಕೂಗಿದರು, ತಲೆಗೆ ನೀರು ಹಾಕಿಕೊಳ್ಳುವಾಗ ಕೂಗಿದರು. ಮೊದಮೊದಲು ಬೆಚ್ಚಿ ಹಾರುತ್ತಿದ್ದೆ, ಎಲ್ಲರೂ ಕೇಕೆ ಹಾಕುತ್ತಿದ್ದರು. ಆರು ತಿಂಗಳಿಗೆ ಆ ಮಾತು ನನಗೆ ನೊಣದ ಸದ್ದಾಯಿತು. ಉಸ್ತಾದರೂ ಬೆನ್ನ ಹಿಂದೆ ಬಂದು ಕೂಗಿ ನೋಡಿದರು. ನಾನು ಅಲುಗಲಿಲ್ಲ.

‘ಶಾಬಾಸ್. ನನ್ನ ದನೀನೂ ನಂಬಬ್ಯಾಡ. ಅವರ ಕಡೆ ಅಣಕಿಸೋ ಮಂದಿ ಅದಾರ.’

‘ಮತ್ತ ಅಂವ ಖರೇ ದಾಟಿದ್ರ ನನಗ ಹೆಂಗ ಗೊತ್ತಾಗಬೇಕ್ರಿ?’

ಉಸ್ತಾದರು ಕೋಲಿನಿಂದ ನೆಲದ ಮೇಲೆ ಒಂದು ಗೆರೆ ಎಳೆದರು. ‘ನೀ ಗೆರಿಯಿಂದ ಐದು ಹೆಜ್ಜಿ ಹಿಂದ ನಿಂತಿರತೀ. ಎಡಕ್ಕ ಹೋಗು, ಬಲಕ್ಕ ಹೋಗು. ನೀ ಒಂದು ಹೆಜ್ಜಿ ಹಿಂದಕ್ಕ ಸರದಿ ಅಂದ್ರ ಅಂವ ದಾಟ್ಯಾನ ಅಂತ ತಿಳ್ಕೊ. ಬೀಳು ಮ್ಯಾಲ.’

ಕೇಳುವಾಗ ಎಷ್ಟು ಸಲೀಸಾಗಿತ್ತು.

ಅಕ್ಕ ಒಬ್ಬಳು ಮಾತ್ರ ಒಮ್ಮೆಯೂ ಹಾಗೆ ಕೂಗಲಿಲ್ಲ. ‘ಸುಳ್ಳ ಯಾಕ ಕೂಗಲಿ?’ ಎನ್ನುತ್ತಿದ್ದಳು. ಅವಳ ಅಕ್ಕಪಕ್ಕದವರು ಗೋಡೆಯ ಮೇಲೆ ನಮ್ಮ ಕಡೆಯ ನೆಂಟರ ಹೆಸರು ಬರೆದಿಟ್ಟುಕೊಂಡಿದ್ದರು, ಮರೆತಾಗ ಓದಿಕೊಳ್ಳಲೆಂದು. ಹಾಗೆ ಬರೆದಿಟ್ಟವರು ಆಮೇಲೆ ಓದಿ, ಇದು ಯಾರ ಮಕ್ಕಳ ಕಿಡಿಗೇಡಿತನವೋ ಎಂದು ಸುಣ್ಣ ಬಳಿಯುತ್ತಾರೆ. ನೀನೂ ಬರೆ ಎಂದು ನಾನೇ ಒಮ್ಮೆ ಇದ್ದಿಲು ಕೊಟ್ಟೆ. ಅವಳು ಅದನ್ನು ಒಲೆಗೆ ಎಸೆದಳು.

‘ನೀ ನಿಂತೀಯಲ್ಲೋ ಅಲ್ಲಿ. ನಾ ಯಾಕ ಬರೀಲಿ?’

ಅವಳಿಗೆ ಭಯವಿರಲಿಲ್ಲ ಎಂದಲ್ಲ. ಆ ವರ್ಷ ಅವಳು ಬಹಳ ಬಡವಾದಳು. ಆದರೆ ನನ್ನೆದುರು ಒಂದು ದಿನವೂ ಬಾಯಿ ಬಿಡಲಿಲ್ಲ. ಅವಳ ಆ ನಂಬಿಕೆ ನನಗೆ ಹೊರಲಾರದ ಮೂಟೆಯಾಗಿತ್ತು. ಬೈದಿದ್ದರೆ, ನೀನು ಕೆಲಸಕ್ಕೆ ಬಾರದವನು ಎಂದಿದ್ದರೆ ಹಗುರಾಗಿರುತ್ತಿತ್ತು.

ಆಟದ ದಿನ ಬಿಸಿಲು ಕಣ್ಣಿಗೆ ಹೊಡೆಯದಿರಲೆಂದು ಆಡುವವರ ಮುಖಕ್ಕೆಲ್ಲ ಮಸಿ ಬಳಿಯುತ್ತಾರೆ. ನನಗೆ ಅಕ್ಕನೇ ಬಳಿದಳು. ಕಾವಲಿಯ ಹಿಂದಿನ ಮಸಿ, ಎಣ್ಣೆಯಲ್ಲಿ ಕಲಸಿದ್ದು. ಹಣೆ, ಕೆನ್ನೆ, ಗದ್ದ, ಏನೂ ಬಿಡಲಿಲ್ಲ. ಆಮೇಲೆ ಸ್ವಲ್ಪ ದೂರ ನಿಂತು ನೋಡಿ, ‘ನಮ್ಮವ್ವಾ, ಈಗ ನಿನ್ನ ಹಡದಾಕಿ ಬಂದ್ರೂ ಗುರುತ ಹಿಡಿಯೂದಿಲ್ಲ’ ಎಂದಳು. ಅಂದಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು.

ಮೊದಲ ಸರತಿ. ಅಡಿವೆಪ್ಪ ಚೆಂಡು ಹಿಡಿದವನೇ ಬಡಗಣ ದಂಡೆಗೆ ಹಾರಿದ. ಅಲ್ಲಿ ನಮ್ಮ ಕಲ್ಲಪ್ಪ ಕಿತ್ತರೂ ಬಾರದ ಗೂಟದ ಹಾಗೆ ನಿಂತಿದ್ದ. ಅಡಿವೆಪ್ಪ ಒಳಗೆ ತಿರುಗಿದ, ನಡುವಿನವರು ಸಿಕ್ಕರು. ಒಂದು ಗೇಣೂ ಕೊಡಲಿಲ್ಲ. ಎರಡನೆಯ ಸರತಿ ಅವನು ಎಸೆದ, ಹಿಡಿಯುವವನ ಕೈಯಿಂದ ಜಾರಿ ಚೆಂಡು ಮಣ್ಣಿಗೆ ಬಿತ್ತು. ನಮ್ಮ ಕಡೆಯ ಕಟ್ಟೆಗಳ ಮೇಲೆ ಜನ ಕುಣಿಯತೊಡಗಿದರು.

ಮೂರನೆಯ ಸರತಿ ಅವನು ನೇರ ನನ್ನ ಕಡೆಗೇ ಬಂದ. ಸೊಂಟ ಎಡಕ್ಕೆ ಎಂದಿತು, ಬಲಕ್ಕೆ ಎಂದಿತು, ಮತ್ತೆ ಎಡಕ್ಕೆ. ನಾನು ಬಿಡಲಿಲ್ಲ. ಅವನು ಗೆರೆ ದಾಟಿ ಎರಡು ಹೆಜ್ಜೆ ಇಟ್ಟದ್ದನ್ನು ಕಣ್ಣಾರೆ ಕಂಡೆ, ಎರಡೂ ಕೈಯಲ್ಲಿ ಆ ಸೊಂಟ ಹಿಡಿದು ಕೆಡವಿದೆ. ಇಬ್ಬರೂ ಮಣ್ಣಿನ ಮೇಲೆ ಮುಖಕ್ಕೆ ಮುಖ ಕೊಟ್ಟು ಬಿದ್ದೆವು. ಒಂದೇ ತಟ್ಟೆಯಲ್ಲಿ ಉಂಡವರು ನಾವು. ಅವನ ಗದ್ದದ ಕಲೆ ನಾನೇ ಕಲ್ಲು ಬೀಸಿ ಮಾಡಿದ್ದು. ನನ್ನ ಮುಖದ ಮಸಿಯೊಳಗಿಂದ ನನ್ನನ್ನು ನೋಡುತ್ತಾನೇನೋ ಎಂದು ಒಂದು ಕ್ಷಣ ಕಾದೆ.

‘ಪೆಟ್ಟಾತೇನ್ರಿ?’ ಎಂದ. ಎಷ್ಟು ಮರ್ಯಾದೆ! ಲೇ ಬಿಟ್ಟು ಇನ್ನೊಂದು ಮಾತಾಡದಿದ್ದವನು ಅವನು.

‘ಇಲ್ರಿ’ ಎಂದೆ. ಕೈ ಕೊಟ್ಟು ಎಬ್ಬಿಸಿದ. ಆ ‘ರಿ’ ಕೇಳಿ ನನಗೆ ಅಳುವೇ ಬಂತು. ನಾಳೆ ಅಕ್ಕನ ಬಾಯಲ್ಲಿ ಅದನ್ನು ಕೇಳಬಾರದು ಎಂದುಕೊಂಡು ಎದ್ದು ನಿಂತೆ.

ಒಂದೇ ಸರತಿ ಉಳಿದಿತ್ತು. ಗೆರೆ ಎರಡು ಹೆಜ್ಜೆ ಸರಿದಿತ್ತು, ಅಷ್ಟೆ. ಅಕ್ಕ ಗಿರಣಿ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಿದ್ದಾಳೆ ಎಂದು ಯಾರೋ ಹೇಳಿದರು. ನಾನು ತಿರುಗಿ ನೋಡಲಿಲ್ಲ.

ನಾಲ್ಕನೆಯ ಸರತಿಯಲ್ಲಿ ಅಡಿವೆಪ್ಪ ಚೆಂಡು ಹಿಡಿದು ಬಡಗಣಕ್ಕೆ ಹೋದ. ನಾನೂ ಹೋದೆ. ತೆಂಕಣಕ್ಕೆ ಹೊರಳಿದ, ನಾನೂ ಹೊರಳಿದೆ. ಮತ್ತೆ ಬಡಗಣಕ್ಕೆ, ಮತ್ತೆ ತೆಂಕಣಕ್ಕೆ. ಸುಸ್ತಾಗುವವನಲ್ಲ ಅವನು, ಆದರೆ ನಾನೂ ವರ್ಷವಿಡೀ ಸಾಮು ಮಾಡಿದ್ದೆ. ಐದು ಹೆಜ್ಜೆ ಎಂದರೆ ಐದೇ ಹೆಜ್ಜೆ. ಎಷ್ಟು ಸಲ ಹೊರಳಿದೆನೋ ಲೆಕ್ಕವಿಲ್ಲ. ಹೊರಳಿ ಹೊರಳಿ ಗೆರೆ ಯಾವ ಕಡೆ, ನಾನೆಷ್ಟು ಹಿಂದೆ ಎಂಬ ಅಂದಾಜು ನನ್ನ ತಲೆಯಿಂದ ಯಾವಾಗ ಕಳಚಿಬಿತ್ತೋ ನನಗೆ ತಿಳಿಯಲಿಲ್ಲ. ನನಗೆ ಕಾಣುತ್ತಿದ್ದದ್ದು ಅವನ ಕಂದು ಪಟ್ಟಿ, ಅದರ ಹಿತ್ತಾಳೆ ಕೊಂಡಿ, ಕೊಂಡಿಯ ಮೇಲೆ ಕುಂತ ಧೂಳು.

ಆಮೇಲೆ ಅವನು ನಿಂತ. ಚೆಂಡನ್ನು ಕಿವಿಯ ಹತ್ತಿರ ಎತ್ತಿ ಹಿಡಿದ. ಕಣ್ಣಿನ ಅಂಚಿಗೆ ಅಷ್ಟು ಕಂಡಿತು. ಈಗ ಎಸೆಯುತ್ತಾನೆ ಎಂದು ನಾನು ಕಾಲು ನೆಲಕ್ಕೆ ಊರಿ ಕೈ ಮೇಲೆತ್ತಿದೆ. ಅವನು ಎಸೆಯಲಿಲ್ಲ. ಎತ್ತಿದ ಕೈ ಹಾಗೆಯೇ ಇಟ್ಟುಕೊಂಡು ಒಂದು ಹೆಜ್ಜೆ ಮುಂದಿಟ್ಟ. ನಾನು ಒಂದು ಹೆಜ್ಜೆ ಹಿಂದಿಟ್ಟೆ. ಅವನು ಇನ್ನೊಂದು ಇಟ್ಟ. ನಾನೂ ಇಟ್ಟೆ. ಓಟವಿಲ್ಲ, ನುಗ್ಗಾಟವಿಲ್ಲ. ಹಾಲು ಹಾಕಲು ಹೊರಟವನ ಹಾಗೆ ಅಡಿವೆಪ್ಪ ನಮ್ಮ ಬೀದಿಯಲ್ಲಿ ನಡೆಯತೊಡಗಿದ. ನಾನು ಅವನ ಮುಂದೆ, ಅವನ ಸೊಂಟಕ್ಕೆ ಕಣ್ಣು ನೆಟ್ಟು, ಹಿಮ್ಮುಖವಾಗಿ ನಡೆಯತೊಡಗಿದೆ.

ಒಂದು ಹೆಜ್ಜೆ ಹಿಂದೆ ಸರಿದರೆ ಅವನು ದಾಟಿದ್ದಾನೆಂದು ತಿಳಿ ಎಂಬ ಮಾತು ನನಗೆ ನೆನಪಿರಲಿಲ್ಲವೇ? ಇತ್ತು. ಆದರೆ ಹಿಂದೆ ಎಂದರೆ ಎಲ್ಲಿಂದ ಹಿಂದೆ? ಹೊರಳಾಟದಲ್ಲಿ ನಾನು ಮುಂದೆ ಬಂದಿರಬಹುದು, ಈಗ ನನ್ನ ಜಾಗಕ್ಕೇ ಮರಳುತ್ತಿರಬಹುದು ಎನಿಸಿತು. ಎತ್ತಿದ ಕೈ ಎತ್ತಿದಂತೇ ಇತ್ತು. ಈಗ ನುಗ್ಗಿದರೆ ಎಸೆದುಬಿಡುತ್ತಾನೆ. ಇನ್ನೊಂದು ಹೆಜ್ಜೆ ನೋಡೋಣ. ಇನ್ನೊಂದು.

ಇಡೀ ಬೀದಿ ಕೂಗುತ್ತಿತ್ತು. ‘ದಾಟಿದಾ! ದಾಟಿದಾ!’ ಗಂಡಸರು, ಹೆಂಗಸರು, ಕಟ್ಟೆಯ ಮೇಲಿನ ಮುದುಕರು. ಉಸ್ತಾದರ ದನಿ ಒಡೆದುಹೋಗಿತ್ತು, ‘ಬೀಳಲೇ ಫಕೀರಾ, ಖರೇ ದಾಟ್ಯಾನಲೇ!’ ನನಗೆ ಎಲ್ಲವೂ ಕೇಳಿಸಿತು. ಯಾವುದೂ ಒಳಗೆ ಇಳಿಯಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದರು. ಅವರು ಕೂಗಿದಷ್ಟೂ ನಾನು ಗಟ್ಟಿಯಾದೆ. ಒಳಗೊಳಗೇ ಹೆಮ್ಮೆ ಕೂಡ ಪಟ್ಟೆ ಎಂದು ಹೇಳಿದರೆ ನೀವು ನನ್ನ ಮುಖಕ್ಕೆ ಉಗಿಯುತ್ತೀರಿ.

ಉಳಿದ ಹತ್ತು ಮಂದಿ ಏನು ಮಾಡುತ್ತಿದ್ದರು ಎಂದು ಕೇಳುತ್ತೀರಿ. ಕಲ್ಲಪ್ಪ ದಂಡೆ ಬಿಡಲಿಲ್ಲ, ಬಿಡಬಾರದೆಂದು ಹೇಳಿದ್ದರು. ನಡುವಿನವರು ತಮ್ಮ ಮುಂದಿನವರನ್ನು ಮೆಲ್ಲಗೆ ದೂಡುತ್ತಲೇ ಇದ್ದರು. ಹಿಂದಿನವರು ಹಿಡಿಯುವವರಿಗೆ ಅಂಟಿಕೊಂಡು, ತಿರುಗಿಯೂ ನೋಡದೆ ನಿಂತಿದ್ದರು. ಅಡಿವೆಪ್ಪನನ್ನು ನೋಡಿಕೊಳ್ಳಲು ನೆರಳು ಇದೆಯಲ್ಲ! ಅವತ್ತು ನಮ್ಮಲ್ಲಿ ಒಬ್ಬನೂ ತಪ್ಪು ಮಾಡಲಿಲ್ಲ. ಎಲ್ಲರೂ ಕಲಿತದ್ದನ್ನು ಕಲಿತ ಹಾಗೆಯೇ ಮಾಡಿದೆವು.

ಮನೆಗಳು ನನ್ನ ಬೆನ್ನ ಹಿಂದಿನಿಂದ ಬಂದು ಎರಡೂ ಮಗ್ಗುಲಿಗೆ ಹಾದು ಮುಂದೆ ಹೋಗುತ್ತಿದ್ದವು. ನಾನು ನೋಡುತ್ತಿರಲಿಲ್ಲ. ಆದರೆ ಕೂಗು ಕಡಿಮೆಯಾಗುತ್ತಿತ್ತು. ಅವನು ಒಂದೊಂದು ಮನೆ ದಾಟಿದಂತೆಲ್ಲ ಆ ಮನೆಯ ಕಟ್ಟೆಯ ಮೇಲಿನವರು ಕೂಗುವುದನ್ನು ನಿಲ್ಲಿಸುತ್ತಿದ್ದರು. ಕೆಲವರು ಚಪ್ಪಾಳೆ ತಟ್ಟತೊಡಗಿದ್ದರು. ಅದೂ ಒಂದು ಮೋಸವೇ ಇರಬೇಕೆಂದು ನಾನು ಅಂದುಕೊಂಡೆ.

ಆಗ ಮೂಗಿಗೆ ಜೋಳದ ಹಿಟ್ಟಿನ ವಾಸನೆ ಬಂತು.

‘ಫಕೀರಾ!’

ಅಕ್ಕನ ದನಿ. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ದೊಡ್ಡದಾದ ಆ ದನಿಯನ್ನು ಯಾರು ಅಣಕಿಸಿಯಾರು? ಅವಳು ದಾಟಿದಾ ಎನ್ನಲಿಲ್ಲ, ಬೀಳು ಎನ್ನಲಿಲ್ಲ. ನನ್ನ ಹೆಸರು ಮಾತ್ರ ಕೂಗಿದಳು. ಅದು ಅವಳೇ ಎಂದು ನನಗೆ ಗೊತ್ತಾಯಿತು. ಗೊತ್ತಾಗಿಯೂ ಕಣ್ಣೆತ್ತಲಿಲ್ಲ. ಕಣ್ಣೆತ್ತಲು ಎರಡು ಹೆಜ್ಜೆಯ ಹೊತ್ತು ತೆಗೆದುಕೊಂಡೆ.

‘ಫಕೀರಾ! ಫಕೀ—’

ನಿಂತುಹೋಯಿತು. ಬಾಯಿ ಮುಚ್ಚಿದ ಹಾಗಲ್ಲ, ಏನು ಹೇಳಲು ಹೊರಟಿದ್ದೆನೆಂದು ಮರೆತವರು ನಿಲ್ಲಿಸುತ್ತಾರಲ್ಲ, ಹಾಗೆ. ನಾನು ತಲೆ ಎತ್ತಿದೆ. ಗಿರಣಿಯ ಬಾಗಿಲು ಅಡಿವೆಪ್ಪನ ಹೆಗಲ ಹಿಂದಕ್ಕೆ ಹೋಗಿತ್ತು. ಅಕ್ಕ ಹೊಸ್ತಿಲ ಮೇಲೆ ನಿಂತಿದ್ದಳು. ಕೂಗಲು ಎತ್ತಿದ ಕೈ ಇನ್ನೂ ಬಾಯಿಯ ಹತ್ತಿರವೇ ಇತ್ತು, ಅದು ಅಲ್ಲಿ ಯಾಕಿದೆಯೆಂದು ಅವಳಿಗೇ ತಿಳಿಯದಂತಿತ್ತು.

ನಾನು ಅಡಿವೆಪ್ಪನ ಮೇಲೆ ಬಿದ್ದೆ. ಅವನು ತಡೆಯಲೂ ಇಲ್ಲ. ಮುಂದಿನ ಮನೆಯ ಮೆಟ್ಟಿಲ ಹತ್ತಿರ ಇಬ್ಬರೂ ಉರುಳಿದೆವು. ಅಲ್ಲೇ ಸುಣ್ಣ ಹಾಕಿದರು. ಗಿರಣಿಯಿಂದ ಎಂಟು ಹೆಜ್ಜೆ. ಎದ್ದ ಮೇಲೆ ಎಣಿಸಿ ನೋಡಿದೆ.

ಯಾರೂ ನನಗೆ ಬೈಯಲಿಲ್ಲ. ಬೈಯಬೇಕಾದವರೆಲ್ಲ ಆಚೆ ಹೋಗಿದ್ದರು. ಗರಡಿಯಲ್ಲಿ ಉಸ್ತಾದರು ಕೋಲು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ‘ತಪ್ಪ ನಂದು ತಮ್ಮಾ. ನಿನಗ ಕೇಳೂದನ್ನ ಬಿಡಿಸಿದೆ’ ಎಂದರು. ಆ ಮಾತಿನಿಂದ ನನಗೆ ಎಳ್ಳಷ್ಟೂ ಸಮಾಧಾನವಾಗಲಿಲ್ಲ. ಮರುದಿನ ಊರ ಹಿರಿಯರು ಸೇರಿ, ನೆರಳು ಐದು ಹೆಜ್ಜೆ ದೂರ ನಿಂತದ್ದೇ ಕೆಟ್ಟಿತು, ಮುಂದಿನ ಸಲ ಮೂರು ಹೆಜ್ಜೆ ಸಾಕು ಎಂದು ತೀರ್ಮಾನಿಸಿದರು. ನಾಲ್ಕು ಇರಲಿ ಎಂದು ಕೆಲವರು ಜಗಳ ತೆಗೆದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾನು ಎದ್ದು ಹೊರಗೆ ಬಂದೆ.

ಹದಿನೈದು ದಿನ ತಡೆದೆ. ಹದಿನಾರನೆಯ ದಿನ ಒಂದು ಚೀಲದಲ್ಲಿ ಜೋಳ ತುಂಬಿಕೊಂಡು ಗೆರೆ ದಾಟಿದೆ. ಯಾರು ಬೇಕಾದರೂ ದಾಟಬಹುದು, ವ್ಯಾಪಾರಕ್ಕೆ ಅಡ್ಡಿಯಿಲ್ಲ. ಮುಖದ ಮಸಿ ಹೋಗಲು ಮೂರು ದಿನ ಉಜ್ಜಿದ್ದೆ. ಸಿದ್ರಾಮಣ್ಣನ ಹಾಗೆ ಏನೇನೋ ಹೇಳಿ ಹೆದರಿಸಬಾರದು, ಗಿರಾಕಿಯ ಹಾಗೆ ಹೋಗಿ ಗಿರಾಕಿಯ ಹಾಗೆ ಬರಬೇಕು ಎಂದು ನೂರು ಸಲ ಹೇಳಿಕೊಂಡಿದ್ದೆ.

‘ಬರ್ರಿ’ ಎಂದಳು ಅಕ್ಕ. ‘ಪಡುವಲ ಕಡಿಯಿಂದ ಬಂದ್ರೇನು? ಅಲ್ಲಿ ಗಿರಣಿ ಇಲ್ಲೇನ್ರಿ?’

‘ಇತ್ರಿ. ಈಗಿಲ್ಲ’ ಎಂದೆ.

ಅವಳು ಮೈ ತುಂಬಿಕೊಂಡಿದ್ದಳು. ಹದಿನೈದೇ ದಿನದಲ್ಲಿ ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ಜೋಳ ಸುರಿದು, ನನಗೆ ಕುಳಿತುಕೊಳ್ಳಲು ಹೇಳಿ, ಚೊಂಬಿನಲ್ಲಿ ನೀರು, ಒಂದು ತುಣುಕು ಬೆಲ್ಲ ಕೊಟ್ಟಳು. ಗಿರಣಿಯ ಸದ್ದಿನ ಮೇಲೆ ಕೂಗಿ ಮಾತಾಡತೊಡಗಿದಳು.

‘ಆಟ ನೋಡಿದ್ರೇನು ಈ ಸಲ? ನಾ ಇಲ್ಲೇ ಬಾಗಲಾಗ ನಿಂತಿದ್ದೆ. ನಮ್ಮ ಅ‌ಡಿವೆಪ್ಪ ನಡಕೋತ ಬಂದ, ಓಡಲೂ ಇಲ್ಲ! ನಿಮ್ಮಂವ ಒಬ್ಬ ಮಾರಿಗೆ ಮಸಿ ಬಡಕೊಂಡು ಅವನ ಮುಂದ ಮುಂದ ಹಿಂದಕ್ಕ ಹಿಂದಕ್ಕ... ಮದಲಗಿತ್ತಿಗೆ ಆರತಿ ಎತ್ತಿ ಕರಕೊಂಡು ಬಂದಂಗ ಕರಕೊಂಡು ಬಂದ್ನಲ್ರಿ! ಇಡೀ ಊರು ಹೊಯ್ಕೊಂಡ್ರೂ ಆ ಪುಣ್ಯಾತ್ಮಗ ಕೇಳಸಲಿಲ್ಲ.’

ಹೇಳುತ್ತ ಹೇಳುತ್ತ ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಹಿಟ್ಟೆಲ್ಲ ಕೆನ್ನೆಗೆ ಹತ್ತಿತು. ಅವಳು ಹೀಗೆ ನಗುವುದನ್ನು ನೋಡಿ ಎರಡು ವರ್ಷವಾಗಿತ್ತು. ನಾನೂ ನಕ್ಕೆ.

ನಕ್ಕು ಮುಗಿದ ಮೇಲೆ ಅವಳಿಗೆ ಕನಿಕರ ಬಂತು. ಯಾರ ಬಗ್ಗೆ ನಕ್ಕರೂ ಆಮೇಲೆ ಹಾಗೆ ಮರುಗುವುದು ಅವಳ ಸ್ವಭಾವ.

‘ನಗಬಾರದು ಬಿಡ್ರಿ, ಪಾಪ. ಏನ ಹೆಸರ್ರಿ ಅವನದು?’

‘ನೆರಳು ಅಂತಾರ್ರಿ.’

‘ಅವನ ಮನ್ಯಾಗ ಯಾರೂ ಇಲ್ಲೇನು?’

‘ಒಬ್ಬಾಕಿ ಅಕ್ಕ ಇದ್ಲಂತ್ರಿ.’

ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಹಿಟ್ಟು ನುಣ್ಣಗಿದೆಯೇ ಎಂದು ಬಾಗಿ ನೋಡಿದಳು.

‘ಅಯ್ಯ, ಅಂಥಾ ತಮ್ಮನ್ನ ಹೆಂಗ ಬೆಳಸಿದ್ಳೋ ಏನೋ ಆಕಿ’ ಎಂದಳು. ‘ಎಲ್ಲರ ಕಡಿಂದನೂ ಮಾತು ಅನಸ್ಕೊಳ್ಳಾಕಿ ಈಗ ಆಕೀನ ಅಲ್ರಿ?’

ಹೌದ್ರಿ ಎಂದೆ. ಅವಳು ಹಿಟ್ಟನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ನನ್ನ ಹೆಗಲ ಮೇಲೆ ಎತ್ತಿಡಲು ಒಂದು ಕೈ ಕೊಟ್ಟಳು. ಹಿಟ್ಟು ಇನ್ನೂ ಬಿಸಿಯಾಗಿತ್ತು.